ಫಾರ್ಮ್-ಡಿಯೋ, ಪಿಎಚ್‌ಡಿಯೋ? ಫಾರ್ಮಸಿಯಲ್ಲಿ ಡಾಕ್ಟರೇಟ್ ಆರಿಸುವವರಿಗೆ

"ಮೇಡಂ, ಫಾರ್ಮಸಿಯಲ್ಲಿ ಡಾಕ್ಟರೇಟ್ ಮಾಡೋಕೆ ಯಾವ ಯೂನಿವರ್ಸಿಟಿ ಚೆನ್ನಾಗಿದೆ?" ಸಿಇಟಿ ಫಲಿತಾಂಶ ಬರುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಪಿಯುಸಿ ಮುಗಿಸಿದವರೂ ಕೇಳುತ್ತಾರೆ, ಎಂ.ಫಾರ್ಮ್ (ಫಾರ್ಮಸಿಯ ಸ್ನಾತಕೋತ್ತರ ಪದವಿ) ಮುಗಿಸಿದವರೂ ಕೇಳುತ್ತಾರೆ. ಆದರೆ ಮೊದಲನೆಯವರು ಕೇಳುತ್ತಿರುವುದು ಫಾರ್ಮ್-ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ ಬಗ್ಗೆ, ಎರಡನೆಯವರು ಪಿಎಚ್‌ಡಿ ಬಗ್ಗೆ. ಎರಡೂ ಮುಗಿದ ಮೇಲೆ ಡಾಕ್ಟರ್ ಅನ್ನುತ್ತಾರೆ ಅನ್ನುವುದು ಬಿಟ್ಟರೆ ಓದು, ಖರ್ಚು, ಕೆಲಸ ಎಲ್ಲವೂ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯೂನಿವರ್ಸಿಟಿಯ ಹೆಸರು ಮೂರನೇ ಪ್ರಶ್ನೆ. ಮೊದಲನೆಯದು, ನಿಮಗೆ ಬೇಕಿರುವುದು ವಾರ್ಡೋ ಲ್ಯಾಬೋ ಅನ್ನುವುದು. ಎರಡನೆಯದು, ಫಾರ್ಮ್-ಡಿ ಆದರೆ ಆಸ್ಪತ್ರೆ ಯಾವುದು, ಪಿಎಚ್‌ಡಿ ಆದರೆ ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರು) ಯಾರು ಅನ್ನುವುದು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಹೆಸರು ಹಿಡಿಯುತ್ತಾರೆ, ಸೇರಿದ ಮೇಲೆ ಉಳಿದದ್ದನ್ನು ಯೋಚಿಸುತ್ತಾರೆ.

ಎರಡು ದಾರಿ

ಫಾರ್ಮ್-ಡಿ ನಮ್ಮ ದೇಶದಲ್ಲಿ ಶುರುವಾಗಿದ್ದು 2008ರಲ್ಲಿ, ಭಾರತೀಯ ಫಾರ್ಮಸಿ ಪರಿಷತ್ತಿನ ನಿಯಮಾವಳಿ ಬಂದ ಮೇಲೆ. ಪಿಯುಸಿ ಸೈನ್ಸ್ ಅಥವಾ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಆದವರು ಸೇರಬಹುದು. 5 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್, ಒಟ್ಟು 6 ವರ್ಷ. ಬಿ.ಫಾರ್ಮ್ (ಫಾರ್ಮಸಿ ಪದವಿ) ಆದವರಿಗೆ ಇನ್ನೊಂದು ಬಾಗಿಲು ಇದೆ. ಅದನ್ನು ಪೋಸ್ಟ್ ಬ್ಯಾಕಲಾರಿಯೇಟ್ ಅನ್ನುತ್ತಾರೆ. ನೇರ ನಾಲ್ಕನೇ ವರ್ಷಕ್ಕೆ ಸೇರಿ 3 ವರ್ಷದಲ್ಲಿ ಮುಗಿಸಬಹುದು. ಇಲ್ಲಿ ಕಲಿಯುವುದು ರೋಗಿಯ ಔಷಧಿ ಚೀಟಿಯನ್ನು ಓದುವುದು, ಡೋಸ್ ಸರಿ ಇದೆಯಾ ನೋಡುವುದು, ಒಂದು ಔಷಧಿ ಇನ್ನೊಂದರ ಜೊತೆ ಜಗಳವಾಡುತ್ತಿದೆಯಾ ಹಿಡಿಯುವುದು, ಡಾಕ್ಟರಿಗೆ ತಿಳಿಸುವುದು, ರೋಗಿಗೆ ಹೇಳಿಕೊಡುವುದು. ಔಷಧಿ ಬರೆದುಕೊಡುವ ಅಧಿಕಾರ ಈ ಡಿಗ್ರಿಯಿಂದ ಬರುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. "ನಮ್ಮ ಮಗಳು ಡಾಕ್ಟರ್ ಆಗ್ತಿದ್ದಾಳೆ" ಅಂತ ಊರೆಲ್ಲ ಹೇಳಿಕೊಂಡು ಬಂದ ಮೇಲೆ ಕ್ಲಿನಿಕ್ ಯಾವಾಗ ಅಂತ ಕೇಳುತ್ತಾರೆ.

ಪಿಎಚ್‌ಡಿ ಸಂಶೋಧನೆಯ ಡಿಗ್ರಿ. ಸಾಮಾನ್ಯ ದಾರಿ ಅಂದರೆ ಬಿ.ಫಾರ್ಮ್ 4 ವರ್ಷ, ಎಂ.ಫಾರ್ಮ್ 2 ವರ್ಷ, ಆಮೇಲೆ ಪಿಎಚ್‌ಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಮತ್ತು ಶೇ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ ಕೊಡಬಹುದು. 3 ವರ್ಷದಲ್ಲಿ ಮುಗಿಸುತ್ತೇನೆ ಅನ್ನುವ ಲೆಕ್ಕ ಹಾಕಬೇಡಿ. ಪ್ರಾಣಿ ಪ್ರಯೋಗ ಇರುವ ವಿಷಯವಾದರೆ ಅನುಮತಿಗೇ ತಿಂಗಳುಗಳು ಹೋಗುತ್ತವೆ. ಅಂದರೆ ಪಿಯುಸಿ ಆದ ಮೇಲೆ ಪಿಎಚ್‌ಡಿ ಕೈಗೆ ಬರಲು 10 ವರ್ಷ ಹಿಡಿದರೆ ಅದೇನೂ ತಡವಲ್ಲ.

ಫಾರ್ಮ್-ಡಿ ಮಾಡಿದವರೂ ಮುಂದೆ ಪಿಎಚ್‌ಡಿಗೆ ಹೋಗಬಹುದು, ಮಧ್ಯೆ ಎಂ.ಫಾರ್ಮ್ ಬೇಕಿಲ್ಲ. ಆದರೆ ಅವರಿಗೆ ಸಹಜವಾಗಿ ಒಗ್ಗುವುದು ಫಾರ್ಮಸಿ ಪ್ರಾಕ್ಟೀಸ್ (ಆಸ್ಪತ್ರೆಯಲ್ಲಿ ರೋಗಿಯ ಔಷಧಿ ಬಳಕೆ ನೋಡುವ ವಿಷಯ), ಕ್ಲಿನಿಕಲ್ ಸಂಶೋಧನೆ ಇಂಥವು. ಹೊಸ ಅಣು ತಯಾರಿಸುವ ಕೆಮಿಸ್ಟ್ರಿ ಕಡೆಗೋ ಮಾತ್ರೆ, ಕ್ಯಾಪ್ಸೂಲ್ ರೂಪಿಸುವ ಫಾರ್ಮಾಸ್ಯುಟಿಕ್ಸ್ ಕಡೆಗೋ ಮನಸ್ಸಿದ್ದರೆ ಬಿ.ಫಾರ್ಮ್, ಎಂ.ಫಾರ್ಮ್ ದಾರಿಯೇ ಸರಿ.

ಇನ್ನು ಕೆಲವರಿಗೆ ಎರಡೂ ಬೇಡ. ಡ್ರಗ್ಸ್ ಇನ್‌ಸ್ಪೆಕ್ಟರ್ ಆಗಬೇಕು ಅನ್ನುವವರಿಗೆ ಬಿ.ಫಾರ್ಮ್ ಡಿಗ್ರಿಯೇ ಸಾಕು, ಪುಸ್ತಕ ಹಿಡಿದು ಕೆಪಿಎಸ್‌ಸಿ ಪರೀಕ್ಷೆಗೆ ಕೂರಿ. ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟ್ ಹುದ್ದೆಗೆ ಮೂಲ ಅರ್ಹತೆ ಡಿ.ಫಾರ್ಮ್. ಸ್ವಂತ ಮೆಡಿಕಲ್ ಸ್ಟೋರ್ ಇಡಲೂ ಅದೇ ಸಾಕು. ಹೆಸರಿನ ಮುಂದೆ ಡಾ. ಬರಲಿ ಅನ್ನುವ ಒಂದೇ ಆಸೆಗೆ 6 ವರ್ಷ ಕೊಡುವುದು ದುಬಾರಿ ವ್ಯಾಪಾರ.

ಬಿ.ಫಾರ್ಮ್ ಕೊನೆಯ ವರ್ಷದಲ್ಲಿ ಇರುವವರ ಗೊಂದಲ ಸ್ವಲ್ಪ ಬೇರೆ. 3 ವರ್ಷದ ಫಾರ್ಮ್-ಡಿಗೆ ಹೋಗುವುದೋ, ಎಂ.ಫಾರ್ಮ್ ಮಾಡಿ ಪಿಎಚ್‌ಡಿಗೆ ಹೋಗುವುದೋ? ದುಡ್ಡಿನ ಲೆಕ್ಕ ನೋಡಿದರೆ ಎಂ.ಫಾರ್ಮ್ ಮುಂದಿದೆ. ಜಿಪ್ಯಾಟ್ ಅನ್ನುವ ರಾಷ್ಟ್ರಮಟ್ಟದ ಫಾರ್ಮಸಿ ಅರ್ಹತಾ ಪರೀಕ್ಷೆ ಪಾಸಾದವರಿಗೆ ಎಂ.ಫಾರ್ಮ್ ಓದುವಾಗ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಇದೆ. ಆದರೆ ನೀವು ಸೇರುವ ಕಾಲೇಜಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣ ಪರಿಷತ್ತು) ಮಾನ್ಯತೆ ಇದ್ದು, ಅದು ಆ ಯೋಜನೆಯೊಳಗೆ ಇರಬೇಕು. ಫೀ ಕಟ್ಟುವ ಮೊದಲೇ ಕೇಳಿಕೊಳ್ಳಿ. ಫಾರ್ಮ್-ಡಿಗೆ ಅಂಥ ಸ್ಕಾಲರ್‌ಶಿಪ್ ಇಲ್ಲ. ಇಂಟರ್ನ್‌ಶಿಪ್‌ನಲ್ಲಿ ಕೊಡುವ ಸ್ಟೈಪೆಂಡ್ ಕೂಡ ಕಾಲೇಜಿಂದ ಕಾಲೇಜಿಗೆ ಬೇರೆ.

ಫಾರ್ಮ್-ಡಿ: ಕಾಲೇಜು ನೋಡಬೇಡಿ, ಆಸ್ಪತ್ರೆ ನೋಡಿ

ಫಾರ್ಮ್-ಡಿ ನಡೆಸುವ ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಬೇಕು ಅನ್ನುವುದು ನಿಯಮ. ಸ್ವಂತದ್ದು ಇರಬಹುದು, ಇಲ್ಲವೇ ಒಪ್ಪಂದ ಮಾಡಿಕೊಂಡಿರಬಹುದು. ಕಾಗದದ ಮೇಲೆ ಎರಡೂ ಒಂದೇ. ವಿದ್ಯಾರ್ಥಿಯ ದಿನಚರಿಯಲ್ಲಿ ಎರಡಕ್ಕೂ ಅಜಗಜಾಂತರ.

ಮೈಸೂರಿನ ಜೆಎಸ್‌ಎಸ್, ಮಣಿಪಾಲ, ಬೆಳಗಾವಿಯ ಕೆಎಲ್‌ಇ, ದೇರಳಕಟ್ಟೆಯ ನಿಟ್ಟೆ ಇಂಥ ಕಡೆ ಫಾರ್ಮಸಿ ಕಾಲೇಜಿನ ಜೊತೆಗೆ ಅದೇ ಸಂಸ್ಥೆಯ ಮೆಡಿಕಲ್ ಕಾಲೇಜು, ಆಸ್ಪತ್ರೆ ಇವೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಗಳಿವೆ. ಮೈಸೂರಿನದು ಇನ್ನೊಂದು ಕಾರಣಕ್ಕೆ ಮುಖ್ಯ. ಫಾರ್ಮ್-ಡಿ ಬರುವ ಎಷ್ಟೋ ಮೊದಲೇ, 1990ರ ದಶಕದ ಕೊನೆಯಲ್ಲಿ, ಜೆಎಸ್‌ಎಸ್‌ನವರು ಮೈಸೂರು ಮತ್ತು ಊಟಿಯಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಶುರು ಮಾಡಿದ್ದರು. ಹಾಗಾಗಿ ವಾರ್ಡಿನಲ್ಲಿ ಫಾರ್ಮಸಿಸ್ಟ್ ನಿಂತಿದ್ದರೆ ಅಲ್ಲಿನ ಡಾಕ್ಟರುಗಳಿಗೆ ಅದು ಹೊಸದಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ರೌಂಡ್ಸ್‌ನಲ್ಲಿ "ನೀವ್ಯಾರು?" ಅನ್ನಿಸಿಕೊಂಡು ಹಿಂದೆ ನಿಲ್ಲುವ ವಿದ್ಯಾರ್ಥಿ ಕಲಿಯುವುದಕ್ಕೂ, "ಈ ಪೇಷೆಂಟಿನ ಕ್ರಿಯಾಟಿನಿನ್ ಜಾಸ್ತಿ ಇದೆ, ಡೋಸ್ ಎಷ್ಟು ಇಳಿಸೋಣ ಹೇಳು" ಅನ್ನಿಸಿಕೊಳ್ಳುವ ವಿದ್ಯಾರ್ಥಿ ಕಲಿಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಒಪ್ಪಂದದ ಆಸ್ಪತ್ರೆ ಇರುವ ಕಾಲೇಜುಗಳೆಲ್ಲ ಕೆಟ್ಟವು ಅಂತಲ್ಲ. ಬೆಂಗಳೂರಿನಲ್ಲಿ ಅಂಥವೇ ಜಾಸ್ತಿ, ಕೆಲವು ಚೆನ್ನಾಗಿಯೂ ನಡೆಯುತ್ತಿವೆ. ಆದರೆ ಅಲ್ಲಿ ನೀವೇ ಹೋಗಿ ವಿಚಾರಿಸಬೇಕು. ಕಾಲೇಜಿನಿಂದ ಆಸ್ಪತ್ರೆಗೆ ಎಷ್ಟು ದೂರ? ದಿನಾ ಹೋಗುತ್ತಾರಾ, ವಾರಕ್ಕೆ ಎರಡು ದಿನವಾ? ಕೇಸ್ ಶೀಟ್ ನೋಡಲು ಬಿಡುತ್ತಾರಾ? ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ರೋಗಿಯ ಫೈಲ್ ಮುಟ್ಟಲು ಬಿಡುವುದಿಲ್ಲ. ಹಾಗಾದರೆ ಕ್ಲರ್ಕ್‌ಶಿಪ್, ಅಂದರೆ ವಾರ್ಡಿನ ತರಬೇತಿ, ಅನ್ನುವುದು ಕಾರಿಡಾರಿನಲ್ಲಿ ಮುಗಿದುಹೋಗುತ್ತದೆ.

ನಾನಾದರೆ ಇನ್ನೂ ಎರಡು ವಿಷಯ ಕೇಳುತ್ತೇನೆ. ಆಸ್ಪತ್ರೆಯಲ್ಲಿ ಔಷಧಿ ಮಾಹಿತಿ ಕೇಂದ್ರ ನಡೆಯುತ್ತಿದೆಯಾ, ಅದಕ್ಕೆ ಡಾಕ್ಟರುಗಳು ನಿಜವಾಗಿ ಫೋನ್ ಮಾಡುತ್ತಾರಾ? ಔಷಧಿಯಿಂದಾಗುವ ಅಡ್ಡ ಪರಿಣಾಮ ದಾಖಲಿಸುವ ಕೇಂದ್ರ ಇದೆಯಾ? ಈ ದಾಖಲಾತಿಗೆಂದೇ 2010ರಲ್ಲಿ ಶುರುವಾದ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾದ ಕೇಂದ್ರಗಳು ಬಹಳಷ್ಟು ಮೆಡಿಕಲ್ ಕಾಲೇಜುಗಳಲ್ಲಿವೆ. ಅಲ್ಲಿ ವರದಿ ಬರೆದು ಅಭ್ಯಾಸವಾದವರಿಗೆ ಮುಂದೆ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಸಿಗುವುದು ಸುಲಭ.

ಇಂಟರ್ನ್‌ಶಿಪ್ ವರ್ಷದಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಉಳಿದ 6 ತಿಂಗಳಲ್ಲಿ ಬೇರೆ ಮೂರು ವಿಭಾಗಗಳಲ್ಲಿ ತಲಾ 2 ತಿಂಗಳು. ಆ ಮೂರು ವಿಭಾಗ ಯಾವುವು ಅಂತ ಕೇಳಿ. ಮಕ್ಕಳ ವಿಭಾಗ, ಕ್ಯಾನ್ಸರ್, ಐಸಿಯು ಸಿಕ್ಕರೆ ಒಂದು ಬಗೆ, ಯಾವುದು ಖಾಲಿ ಇದೆಯೋ ಅಲ್ಲಿಗೆ ದೂಡಿದರೆ ಇನ್ನೊಂದು ಬಗೆ. ಇದನ್ನೆಲ್ಲ ಅಡ್ಮಿಷನ್ ಕೌಂಟರಿನಲ್ಲಿ ಕೇಳಿದರೆ ಎಲ್ಲದಕ್ಕೂ "ಇದೆ ಸರ್, ಇದೆ" ಅನ್ನುತ್ತಾರೆ. ಕ್ಯಾಂಟೀನಿಗೆ ಹೋಗಿ ಐದನೇ ವರ್ಷದವರನ್ನು ಹುಡುಕಿ ಮಾತಾಡಿ.

ಸೀಟಿನ ವಿಷಯ ಚುಟುಕಾಗಿ ಹೇಳುವುದಾದರೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳ ಸರ್ಕಾರಿ ಕೋಟಾ ಸೀಟು ಸಿಇಟಿ ಮೂಲಕ. ಡೀಮ್ಡ್ ವಿಶ್ವವಿದ್ಯಾಲಯಗಳು (ವಿಶ್ವವಿದ್ಯಾಲಯದ ಸ್ಥಾನ ಪಡೆದು ತಾವೇ ಡಿಗ್ರಿ ಕೊಡುವ ಸಂಸ್ಥೆಗಳು) ತಮ್ಮದೇ ಪ್ರವೇಶ ನಡೆಸುತ್ತವೆ, ಫೀಯೂ ಜಾಸ್ತಿ. ಎಲ್ಲೇ ಸೇರಿ, ಆ ಕಾಲೇಜಿನ ಫಾರ್ಮ್-ಡಿ ಕೋರ್ಸಿಗೆ ಫಾರ್ಮಸಿ ಪರಿಷತ್ತಿನ ಒಪ್ಪಿಗೆ ಇದೆಯಾ ಅಂತ ಪರಿಷತ್ತಿನ ಜಾಲತಾಣದಲ್ಲಿ ನೋಡಿ. ಬಿ.ಫಾರ್ಮ್‌ಗೆ ಒಪ್ಪಿಗೆ ಇದ್ದ ಮಾತ್ರಕ್ಕೆ ಫಾರ್ಮ್-ಡಿಗೆ ಇದೆ ಅಂತ ಅಂದುಕೊಳ್ಳಬಾರದು.

ಕೆಲಸದ ಬಗ್ಗೆ ಸುಳ್ಳು ಹೇಳುವುದು ಬೇಡ. ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆ ನಿಧಾನವಾಗಿ ಹೆಚ್ಚುತ್ತಿದೆ. ಗುಣಮಟ್ಟದ ಮಾನ್ಯತೆ ಬೇಕು ಅನ್ನುವ ಆಸ್ಪತ್ರೆಗಳು ಅವರನ್ನು ಇಟ್ಟುಕೊಳ್ಳುತ್ತಿವೆ. ಆದರೆ 6 ವರ್ಷ ಓದಿದ್ದಕ್ಕೆ ಶುರುವಿನ ಸಂಬಳ ಬೇಸರ ತರುವಷ್ಟು ಕಡಿಮೆ. ಅದಕ್ಕೇ ಬಹಳ ಜನ ವಾರ್ಡ್ ಬಿಟ್ಟು ಫಾರ್ಮಕೋವಿಜಿಲೆನ್ಸ್, ಕ್ಲಿನಿಕಲ್ ರಿಸರ್ಚ್, ಮೆಡಿಕಲ್ ರೈಟಿಂಗ್ ಕಡೆ ಹೋಗುತ್ತಾರೆ. ಅದು ಸೋಲೇನಲ್ಲ. ಆದರೆ ಕೊನೆಗೆ ಕಂಪ್ಯೂಟರ್ ಮುಂದೆಯೇ ಕೂರುವ ಮನಸ್ಸಿದ್ದರೆ ಬಿ.ಫಾರ್ಮ್, ಎಂ.ಫಾರ್ಮ್‌ನಿಂದಲೂ ಅಲ್ಲಿಗೆ ಹೋಗಬಹುದು. ರೋಗಿಯ ಹತ್ತಿರ ಕೂತು ಮಾತಾಡುವುದು ಇಷ್ಟ ಇರುವವರಿಗೆ ಮಾತ್ರ ಈ ಓದು ದಕ್ಕುತ್ತದೆ.

ಇಲ್ಲೊಂದು ಮಾತು. ನಮ್ಮ ಫಾರ್ಮ್-ಡಿ ತರಗತಿಗಳಲ್ಲಿ ಹೊರ ರಾಜ್ಯದ ಮಕ್ಕಳು ಬಹಳ. ಇನ್‌ಹೇಲರ್ ಹೇಗೆ ಎಳೆಯಬೇಕು, ಇನ್ಸುಲಿನ್ ಎಲ್ಲಿ ಚುಚ್ಚಬೇಕು ಅಂತ ಚಾಮರಾಜನಗರದಿಂದ ಬಂದ ಅಜ್ಜಿಗೆ ಹೇಳಿಕೊಡುವಾಗ ಕನ್ನಡ ಬಲ್ಲ ವಿದ್ಯಾರ್ಥಿಯೇ ಎಲ್ಲರಿಗೂ ಬೇಕಾಗುತ್ತಾನೆ. ಹಳ್ಳಿಯ ಕನ್ನಡ ಮೀಡಿಯಂನಿಂದ ಬಂದು, ಮೊದಲ ಎರಡು ವರ್ಷ ಇಂಗ್ಲಿಷಿಗೆ ಹೆದರಿ ಮೂಲೆಯಲ್ಲಿ ಕೂತ ಮಕ್ಕಳು ನಾಲ್ಕನೇ ವರ್ಷ ವಾರ್ಡಿಗೆ ಹೋದ ಮೇಲೆ ಅರಳುವುದನ್ನು ನೋಡುವುದೇ ಒಂದು ಖುಷಿ.

ಪಿಎಚ್‌ಡಿ: ಗೈಡ್ ಮೊದಲು

ಪಿಎಚ್‌ಡಿಯಲ್ಲಿ ನೀವು ನಾಲ್ಕೈದು ವರ್ಷ ಬದುಕುವುದು ಒಬ್ಬ ವ್ಯಕ್ತಿಯ ಕೈಕೆಳಗೆ. ಹೆಸರಾಂತ ಸಂಸ್ಥೆಯಲ್ಲಿ ಕೈಗೆ ಸಿಗದ ಗೈಡ್‌ಗಿಂತ ಸಾಧಾರಣ ಕಾಲೇಜಿನಲ್ಲಿ ದಿನಾ ಲ್ಯಾಬಿಗೆ ಬರುವ ಗೈಡ್ ಮೇಲು ಅಂತ ನಾನು ಹೇಳುತ್ತೇನೆ. ಎಲ್ಲರೂ ಒಪ್ಪುವುದಿಲ್ಲ, ಇರಲಿ.

ಗೈಡ್ ಹೇಗೆ ಅಂತ ತಿಳಿಯಲು ಒಂದು ದಾರಿ ಇದೆ, ಆಶ್ಚರ್ಯ ಅಂದರೆ ಬಹಳ ಜನ ಬಳಸುವುದೇ ಇಲ್ಲ. ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ಬಿಟ್ಟಿ. ನಿಮ್ಮ ಮನಸ್ಸಿನಲ್ಲಿರುವ ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ? ಯಾವ ವರ್ಷ ಸೇರಿ ಯಾವ ವರ್ಷ ಮುಗಿಸಿದ್ದಾರೆ? ಎರಡು ಮೂರು ಪ್ರಬಂಧ ತೆರೆದು ಓದಿ. ಹತ್ತು ವರ್ಷದ ಹಿಂದಿನದಕ್ಕೂ ಈಚಿನದಕ್ಕೂ ಪರೀಕ್ಷೆಗೆ ತೆಗೆದುಕೊಂಡ ಗಿಡದ ಹೆಸರು ಬಿಟ್ಟರೆ ಬೇರೇನೂ ಬದಲಾಗಿಲ್ಲವಾ? ಹಾಗಾದರೆ ನಿಮ್ಮದೂ ಅದೇ ಸಾಲಿಗೆ ಸೇರುತ್ತದೆ. ಕೃತಜ್ಞತೆ ಪುಟವನ್ನೂ ಓದಿ. ಯಾವ ಪರೀಕ್ಷೆಯನ್ನು ಯಾವ ಹೊರಗಿನ ಲ್ಯಾಬಿನಲ್ಲಿ ಮಾಡಿಸಿದರು, ಯಾರು ದುಡ್ಡು ಕೊಟ್ಟರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ನಿಯಮದ ಕಡೆಯಿಂದಲೂ ಒಂದೆರಡು ನೋಡಬೇಕು. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಖಾಸಗಿ ಕಾಲೇಜುಗಳಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಗೈಡ್ ಕೆಲಸ ಬಿಟ್ಟು ಬೇರೆ ಕಡೆ ಹೋಗುವುದು. ಕಳೆದ ಹತ್ತು ವರ್ಷದಲ್ಲಿ ಅವರು ಎಷ್ಟು ಕಾಲೇಜು ಬದಲಿಸಿದ್ದಾರೆ ಅಂತ ನೋಡಿದರೆ ಅಂದಾಜು ಸಿಗುತ್ತದೆ.

ಆಮೇಲೆ ಲ್ಯಾಬ್. ಇದು ನಿಮ್ಮ ವಿಷಯದ ಮೇಲೆ ನಿಂತಿದೆ. ಫಾರ್ಮಕಾಲಜಿ (ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ) ಆದರೆ ನೋಂದಣಿ ಇರುವ ಪ್ರಾಣಿ ಗೃಹ ಇರಬೇಕು, ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿ ಕಾಲಕಾಲಕ್ಕೆ ಸಭೆ ಸೇರುತ್ತಿರಬೇಕು. ವರ್ಷಕ್ಕೆ ಒಂದೇ ಸಭೆ ಮಾಡುವ ಕಡೆ ಒಂದು ತಿದ್ದುಪಡಿಗೆ ನಿಮ್ಮ ಒಂದು ವರ್ಷ ಹೋಯಿತು. ಕೆಮಿಸ್ಟ್ರಿ, ಅನಾಲಿಸಿಸ್ ಆದರೆ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದೆಯಾ ಅಂತ ಕೇಳಿದರೆ ಸಾಲದು. ನಡೆಯುತ್ತಿದೆಯಾ, ಬಟ್ಟೆ ಮುಚ್ಚಿಟ್ಟಿದ್ದಾರಾ, ಎಂ.ಫಾರ್ಮ್ ಮಕ್ಕಳ ಪ್ರಾಜೆಕ್ಟ್ ಸಮಯದಲ್ಲಿ ಎಷ್ಟು ದಿನ ಕಾಯಬೇಕು ಅಂತ ಕೇಳಿ. ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ಅಣುವಿನ ರಚನೆ ಗುರುತಿಸುವ ಯಂತ್ರಗಳು ಎಲ್ಲ ಕಡೆ ಇರುವುದಿಲ್ಲ, ಹೊರಗೆ ಕಳಿಸುವುದು ಮಾಮೂಲು. ಫಾರ್ಮಸಿ ಪ್ರಾಕ್ಟೀಸ್ ಆದರೆ ಮತ್ತೆ ಆಸ್ಪತ್ರೆಯ ಪ್ರಶ್ನೆಯೇ ಬರುತ್ತದೆ. ರೋಗಿಗಳ ಮೇಲಿನ ಅಧ್ಯಯನಕ್ಕೆ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಬೇಕು, ಅದಕ್ಕಿಂತ ಮೊದಲು ಆ ವಿಭಾಗದ ಡಾಕ್ಟರ್ ಒಪ್ಪಬೇಕು.

ಈಗ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಕೆಮಿಕಲ್ಲಿಗೆ ದುಡ್ಡು ಯಾರು ಕೊಡುತ್ತಾರೆ? ಗೈಡ್ ಹತ್ತಿರ ಸರ್ಕಾರದ ಪ್ರಾಜೆಕ್ಟ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಸೆಲ್ ಲೈನು (ಲ್ಯಾಬಿನಲ್ಲಿ ಬೆಳೆಸುವ ಜೀವಕೋಶ), ಕಿಟ್ಟು, ಹೊರಗಿನ ಲ್ಯಾಬಿನ ಬಿಲ್ಲು ಎಲ್ಲ ನಿಮ್ಮ ಜೇಬಿನಿಂದ. ಲೋನ್ ತೆಗೆದು ಇಲಿಗಳನ್ನು ತರಿಸಿದ ಸ್ಕಾಲರುಗಳನ್ನು ನೋಡಿದ್ದೇನೆ. ಸಂದರ್ಶನದ ದಿನವೇ ಮರ್ಯಾದೆಯಿಂದ ಕೇಳಿ. ಗೈಡ್ ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಸಂಸ್ಥೆಗಳ ನಡುವೆ

ಗೈಡ್ ಮುಖ್ಯ ಅಂದರೂ ಸಂಸ್ಥೆಯ ಬಗೆ ಏನೂ ಮುಖ್ಯವಲ್ಲ ಅಂತಲ್ಲ. ಕರ್ನಾಟಕದವರ ಮುಂದೆ ಇರುವ ಬಗೆಗಳು ಇವು.

ರಾಜೀವ್ ಗಾಂಧಿ ವಿಶ್ವವಿದ್ಯಾಲಯ 1996ರಲ್ಲಿ ಆಯಿತು. ರಾಜ್ಯದ ಹೆಚ್ಚಿನ ಫಾರ್ಮಸಿ ಕಾಲೇಜುಗಳು ಇದರ ಕೆಳಗಿವೆ. ಇಲ್ಲಿ ಪಿಎಚ್‌ಡಿ ಅಂದರೆ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರವಿರುವ ಕಾಲೇಜಿನಲ್ಲಿ ಕೆಲಸ, ಡಿಗ್ರಿ ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರಷ್ಟು ಹಳೆಯದು, ಅಂಥ ಕಡೆ ಫೀ ಹೊರೆ ಕಡಿಮೆ. ಈ ದಾರಿಯಲ್ಲಿ ಬಹಳ ಜನ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುವವರು. ಸಂಬಳವೇ ಅವರ ಫೆಲೋಶಿಪ್, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳಿಗೆ ಸಿಗುವ ಹಣ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಾಕ್ಟಿಕಲ್, ಫಾರ್ಮಸಿ ಪರಿಷತ್ತಿನ ತಪಾಸಣೆ ಬಂದರೆ ಹದಿನೈದು ದಿನ ಫೈಲುಗಳು. ಸಂಶೋಧನೆಗೆ ಉಳಿಯುವುದು ಸಂಜೆ ಮತ್ತು ರಜೆ. ಕಾಲೇಜಿನಲ್ಲೇ ಮುಂದುವರಿಯುವ ಆಸೆ ಇದ್ದರೆ ಇದು ಸರಿಯಾದ ದಾರಿ. ಪ್ರಿನ್ಸಿಪಾಲ್ ಹುದ್ದೆಗೆ ಪಿಎಚ್‌ಡಿ ಬೇಕೇ ಬೇಕು. ಕಂಪನಿಯ ಸಂಶೋಧನಾ ವಿಭಾಗಕ್ಕೆ ಹೋಗಬೇಕು ಅನ್ನುವವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ, ಅಂದರೆ 1963ರಲ್ಲಿ ಶುರುವಾದ ಮಣಿಪಾಲದ ಕಾಲೇಜು, 1973ರ ಮೈಸೂರು ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಇಂಥ ಕಡೆ, ಉಪಕರಣ ಚೆನ್ನಾಗಿರುತ್ತವೆ, ಪೇಪರ್ ಪ್ರಕಟಿಸುವ ಒತ್ತಡವೂ ಚೆನ್ನಾಗಿಯೇ ಇರುತ್ತದೆ. ಮಣಿಪಾಲದಲ್ಲಿ ಡಾ. ಟಿಎಂಎ ಪೈ ಹೆಸರಿನಲ್ಲಿ ಪಿಎಚ್‌ಡಿಯವರಿಗೆ ಸ್ಕಾಲರ್‌ಶಿಪ್ ಇದೆ. ಫೀ ಎಷ್ಟು, ಫೆಲೋಶಿಪ್ ಎಷ್ಟು ವರ್ಷ, ಅದು ನಿಂತ ಮೇಲೆ ಏನು ಅನ್ನುವ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮೂರನೇ ವರ್ಷದ ಕೊನೆಗೆ ಫೆಲೋಶಿಪ್ ಮುಗಿದು, ಪ್ರಬಂಧ ಅರ್ಧದಲ್ಲಿ ನಿಂತರೆ ಪೇಚಾಟ.

ನೈಪರ್, ಅಂದರೆ ಕೇಂದ್ರ ಸರ್ಕಾರದ ಔಷಧ ಶಿಕ್ಷಣ, ಸಂಶೋಧನಾ ಸಂಸ್ಥೆಗಳು, ಬೇರೆಯೇ ಲೋಕ. ಮೊಹಾಲಿಯದು ಎಲ್ಲಕ್ಕೂ ಹಿರಿಯದು, ಅದಕ್ಕೆ 1998ರಲ್ಲಿ ಸಂಸತ್ತಿನ ಕಾಯ್ದೆಯ ಬಲ ಬಂತು. ಆಮೇಲೆ ಹೈದರಾಬಾದ್, ಅಹಮದಾಬಾದ್, ಕೋಲ್ಕತ್ತ, ಗುವಾಹಟಿ, ಹಾಜಿಪುರ, ರಾಯ್‌ಬರೇಲಿ. ನಮ್ಮ ರಾಜ್ಯಕ್ಕೆ ಹತ್ತಿರದ್ದು ಹೈದರಾಬಾದಿನ ಬಾಲಾನಗರದಲ್ಲಿದೆ. ಪ್ರವೇಶಕ್ಕೆ ಅವರದೇ ಪರೀಕ್ಷೆ, ಅದರ ಜೊತೆ ಜಿಪ್ಯಾಟ್‌ನಂಥ ಅರ್ಹತೆಯನ್ನೂ ಕೇಳುತ್ತಾರೆ. ಅಲ್ಲಿ ಸ್ಕಾಲರ್ ಬೆಳಿಗ್ಗೆ ಬಂದು ರಾತ್ರಿಯವರೆಗೆ ಲ್ಯಾಬಿನಲ್ಲೇ ಇರುತ್ತಾನೆ, ಬೇರೆ ಯಾವ ಕೆಲಸವೂ ತಲೆ ಮೇಲೆ ಇರುವುದಿಲ್ಲ. ಅದರ ಮೇಲೆ ಹೈದರಾಬಾದ್ ಅಂದರೆ ಔಷಧಿ ಕಂಪನಿಗಳ ಊರು. ಕಂಪನಿ ಸೇರುವ ಮನಸ್ಸು, ವಯಸ್ಸು, ಮನೆ ಬಿಟ್ಟಿರುವ ಅನುಕೂಲ ಮೂರೂ ಇದ್ದರೆ ನಾನು ಕಣ್ಣು ಮುಚ್ಚಿ ನೈಪರ್ ಅನ್ನುತ್ತೇನೆ.

ಸಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು) ಲ್ಯಾಬುಗಳನ್ನು ನಮ್ಮ ಫಾರ್ಮಸಿಯವರು ಮರೆತೇಬಿಡುತ್ತಾರೆ. ಲಖನೌದ ಸಿಡಿಆರ್‌ಐ 1951ರಿಂದ ಔಷಧ ಸಂಶೋಧನೆಯನ್ನೇ ಮಾಡುತ್ತಿದೆ. ಹೈದರಾಬಾದಿನಲ್ಲಿ ರಸಾಯನಶಾಸ್ತ್ರದ ಐಐಸಿಟಿ ಇದೆ. ಆಹಾರ ಮತ್ತು ಗಿಡಮೂಲಿಕೆಯ ನಡುವಿನ ವಿಷಯ ಇಷ್ಟವಾದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನೋಡಿ. ಡಿಗ್ರಿ ಸಾಮಾನ್ಯವಾಗಿ ಈ ಲ್ಯಾಬುಗಳಿಗಾಗಿಯೇ ಇರುವ ಎಸಿಎಸ್‌ಐಆರ್ ಅಕಾಡೆಮಿ ಮೂಲಕ ಬರುತ್ತದೆ. ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಲು ಬಿ.ಫಾರ್ಮ್ ಸಾಕು, ಲೈಫ್ ಸೈನ್ಸಸ್ ಅಥವಾ ಕೆಮಿಕಲ್ ಸೈನ್ಸಸ್ ಆರಿಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜಾಣ ಮಕ್ಕಳು ಜಿಪ್ಯಾಟ್ ಒಂದನ್ನೇ ಬರೆದು ಸುಮ್ನಾಗುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ನೆಟ್ ಮೂಲಕ ಬರುವ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ. 2023ರಿಂದ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 5 ವರ್ಷ ಪೂರ್ತಿ ಸಿಕ್ಕರೆ 24 ಲಕ್ಷ, ಮನೆ ಬಾಡಿಗೆ ಭತ್ಯೆ ಬೇರೆ. ನಿಮ್ಮದೇ ಫೆಲೋಶಿಪ್ ಇದ್ದರೆ ಗೈಡ್‌ಗಳೇ ನಿಮ್ಮನ್ನು ಹುಡುಕುತ್ತಾರೆ. ಎಂ.ಫಾರ್ಮ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ಒಂದು ವರ್ಷ ತಡವಾದರೂ ಪರವಾಗಿಲ್ಲ, ಫೆಲೋಶಿಪ್ ಹಿಡಿದುಕೊಂಡೇ ಸೇರಿ ಅನ್ನುವುದು ನನ್ನ ಸಲಹೆ.

ಕೇಂದ್ರ ಶಿಕ್ಷಣ ಇಲಾಖೆಯ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಬೇಡಿ ಅನ್ನುವುದಿಲ್ಲ, ನೋಡಿ. ಆದರೆ ಅದು ಇಡೀ ಸಂಸ್ಥೆಗೆ ಕೊಟ್ಟ ಅಂಕ. ನಿಮ್ಮ ಗೈಡ್ ಮೇಲ್‌ಗೆ ಉತ್ತರ ಕೊಡುತ್ತಾರಾ ಅನ್ನುವುದು ಅದರಲ್ಲಿ ಇಲ್ಲ.

ಹೊರದೇಶ

ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಲು ಇರುವ ಒಂದೇ ಡಿಗ್ರಿ ಫಾರ್ಮ್-ಡಿ. ಅಲ್ಲೇ ಹೋಗಿ ಓದಿದರೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್, ಅದೂ ಸಾಮಾನ್ಯವಾಗಿ 4 ವರ್ಷ. ನಮ್ಮ ಮಧ್ಯಮ ವರ್ಗದವರಿಗೆ ಅದು ದೂರದ ಮಾತು. ಇನ್ನೊಂದು ದಾರಿ ಇದೆ. ಇಲ್ಲಿ ಓದಿ, ಹೊರದೇಶದ ಪದವೀಧರರಿಗೆ ಅಂತಲೇ ಇರುವ ಎಫ್‌ಪಿಜಿಇಇ ಪರೀಕ್ಷೆ ಬರೆದು, ಅಲ್ಲಿನ ಇಂಟರ್ನ್‌ಶಿಪ್, ಲೈಸೆನ್ಸ್ ಪರೀಕ್ಷೆ ಮುಗಿಸುವುದು. ಇಲ್ಲೇ ನಮ್ಮ ಬಿ.ಫಾರ್ಮ್‌ನವರು ಎಡವುವುದು. 2003ರ ನಂತರ ಪದವಿ ಪಡೆದವರಿಗೆ ಕನಿಷ್ಠ 5 ವರ್ಷದ ಫಾರ್ಮಸಿ ಓದು ಬೇಕು. 4 ವರ್ಷದ ಬಿ.ಫಾರ್ಮ್ ಸಾಲದು, ಮೇಲೆ ಎಂ.ಫಾರ್ಮ್ ಮಾಡಿದರೂ ಅದನ್ನು ಸೇರಿಸಿ ಲೆಕ್ಕ ಹಾಕುತ್ತಾರೆ ಅಂತ ನಂಬಿ ಕೂರಬೇಡಿ. 6 ವರ್ಷದ ಫಾರ್ಮ್-ಡಿಗೆ ಈ ಅಡ್ಡಿ ಇಲ್ಲ. ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗುವ ಗುರಿ ಇರುವವರಿಗೆ ಇಲ್ಲಿನ ಫಾರ್ಮ್-ಡಿಯೇ ಸರಿ ಅನ್ನಲು ಇದೇ ಮುಖ್ಯ ಕಾರಣ.

ಪಿಎಚ್‌ಡಿ ಕಥೆ ಪೂರ್ತಿ ಉಲ್ಟಾ. ಅಮೆರಿಕದ ಒಳ್ಳೆಯ ವಿಭಾಗಗಳು ಪಿಎಚ್‌ಡಿ ವಿದ್ಯಾರ್ಥಿಯಿಂದ ಫೀ ತೆಗೆದುಕೊಳ್ಳುವುದಿಲ್ಲ, ಬದುಕಲು ಸ್ಟೈಪೆಂಡನ್ನೂ ಕೊಡುತ್ತವೆ. 5 ವರ್ಷ ಹಿಡಿಯುತ್ತದೆ, ಬಿ.ಫಾರ್ಮ್ ಆದ ಮೇಲೆ ನೇರ ಅರ್ಜಿ ಹಾಕಲೂ ಆಗುತ್ತದೆ. ಪರ್ಡ್ಯೂ, ವಿಸ್ಕಾನ್ಸಿನ್, ಮಿನ್ನೆಸೋಟ, ನಾರ್ತ್ ಕೆರೊಲಿನಾ ಎಲ್ಲ ಹೆಸರಾದ ವಿಶ್ವವಿದ್ಯಾಲಯಗಳು. ಬಿ.ಫಾರ್ಮ್‌ನಲ್ಲಿ ಡ್ರಗ್ ರಿಲೀಸ್ ಪಾಠದಲ್ಲಿ ಹಿಗುಚಿ ಸಮೀಕರಣ ಬಾಯಿಪಾಠ ಮಾಡಿದ್ದೀರಲ್ಲ, ಆ ತಾಕೆರು ಹಿಗುಚಿ 1967ರಲ್ಲಿ ಹೋಗಿ ಕಟ್ಟಿದ ವಿಭಾಗ ಕ್ಯಾನ್ಸಸ್ ವಿಶ್ವವಿದ್ಯಾಲಯದ್ದು. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಂಥ ಕಡೆ ಪಿಎಚ್‌ಡಿ ಅಂದರೆ 3 ವರ್ಷದ ಸಂಬಳದ ನೌಕರಿ. ಹುದ್ದೆಗೆ ಜಾಹೀರಾತು ಬರುತ್ತದೆ, ಅರ್ಜಿ ಹಾಕಬೇಕು. ಅಲ್ಲಿಗೆ ಎಂ.ಫಾರ್ಮ್ ಬೇಕಾಗುತ್ತದೆ. ಪಿಎಚ್‌ಡಿಗೆ ಅಂತ ಹೊರದೇಶಕ್ಕೆ ಲಕ್ಷಗಟ್ಟಲೆ ಫೀ ಕಟ್ಟಿ ಎಂದು ಯಾವ ಏಜೆಂಟ್ ಹೇಳಿದರೂ ಎದ್ದು ಬನ್ನಿ.

ಕೆಲಸದಲ್ಲಿ ಇರುವವರಿಗೆ

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವವರು ಪಾರ್ಟ್ ಟೈಂ ಪಿಎಚ್‌ಡಿ ಬಗ್ಗೆ ಕೇಳುತ್ತಾರೆ. 2022ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಉಳಿದ ಪ್ರವೇಶ ಪರೀಕ್ಷೆ, ಕೋರ್ಸ್ ವರ್ಕ್ (ಸಂಶೋಧನೆಗೆ ಮೊದಲಿನ ತರಗತಿ, ಪರೀಕ್ಷೆ), ಮೌಲ್ಯಮಾಪನ ಎಲ್ಲ ಫುಲ್ ಟೈಂನವರ ಹಾಗೆಯೇ. ಕಂಪನಿಯ ಲ್ಯಾಬಿನಲ್ಲೇ ಮಾಡಿದ ಕೆಲಸವನ್ನು ಪ್ರಬಂಧಕ್ಕೆ ಬಳಸುವುದಾದರೆ ಗೋಪ್ಯತೆಯ ಒಪ್ಪಂದ ಏನು ಹೇಳುತ್ತದೆ ಅಂತ ಮೊದಲು ಓದಿ. ಪೇಟೆಂಟ್ ಆಗಬೇಕಾದ ಅಣುವಿನ ಬಗ್ಗೆ ಪ್ರಬಂಧ ಬರೆಯಲು ಯಾವ ಮಾಲೀಕನೂ ಬಿಡುವುದಿಲ್ಲ.

ದೂರಶಿಕ್ಷಣದ ಪಿಎಚ್‌ಡಿಗೆ ಮಾನ್ಯತೆ ಇಲ್ಲ. "ವರ್ಷಕ್ಕೆ ಎರಡು ಸಲ ಬಂದರೆ ಸಾಕು, ಪ್ರಬಂಧ ನಾವೇ ನೋಡಿಕೊಳ್ಳುತ್ತೇವೆ" ಅನ್ನುವ ಫೋನ್ ಬಂದರೆ ಏನು ನಡೆಯುತ್ತಿದೆ ಅಂತ ನಿಮಗೇ ಗೊತ್ತಾಗಬೇಕು. 2025ರ ಜನವರಿಯಲ್ಲಿ ಯುಜಿಸಿ ರಾಜಸ್ಥಾನದ 3 ಖಾಸಗಿ ವಿಶ್ವವಿದ್ಯಾಲಯಗಳಿಗೆ 5 ವರ್ಷ ಪಿಎಚ್‌ಡಿಗೆ ಯಾರನ್ನೂ ಸೇರಿಸಿಕೊಳ್ಳಬಾರದು ಅಂತ ತಡೆ ಹಾಕಿತು. ನಿಯಮ ಪಾಲಿಸದೆ ಡಿಗ್ರಿ ಕೊಟ್ಟದ್ದೇ ಕಾರಣ. ಇಂಥ ಕಡೆಯ ಡಿಗ್ರಿ ಹಿಡಿದು ಕಾಲೇಜಿನ ಕೆಲಸಕ್ಕೆ ಬಂದವರನ್ನು ಈಗ ಸಂದರ್ಶನದಲ್ಲೇ ಕೂರಿಸಿ ಕೇಳುತ್ತಾರೆ: ಪ್ರವೇಶ ಪರೀಕ್ಷೆ ಯಾವತ್ತು ಬರೆದಿರಿ, ಕೋರ್ಸ್ ವರ್ಕ್ ಅಂಕಪಟ್ಟಿ ಎಲ್ಲಿ, ಶೋಧಗಂಗಾದಲ್ಲಿ ಪ್ರಬಂಧ ಇದೆಯಾ. ಎಲ್ಲೇ ಸೇರಿದರೂ ಪ್ರವೇಶ ಪತ್ರ, ಕೋರ್ಸ್ ವರ್ಕ್ ಅಂಕಪಟ್ಟಿ, ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಯ ಪ್ರತಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಎಲ್ಲವನ್ನೂ ಮೊದಲ ದಿನದಿಂದ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.